ಕೋಳಿ ಕೆಟ್ಟಿರಲಿಲ್ಲ

ನಾನು ನಿಂತಿದ್ದದ್ದು ನೀರಿನ ಟ್ಯಾಂಕಿನ ಪಕ್ಕದಲ್ಲಿ. ಎದುರಿಗೆ ಬಿಳಿ ಟೆಂಟು. ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗ. ಜನವರಿಯ ಶುಕ್ರವಾರ, ಮಧ್ಯಾಹ್ನದ ನಂತರದ ಅಸರ್ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು. ಬಿಸಿಲು ನನ್ನ ಬೆನ್ನಿಗೆ ಬೀಳುತ್ತಿತ್ತು. ಹಾಗಾಗಿ ಟೆಂಟಿನ ಬಾಗಿಲು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ಬಾಗಿಲಿನಿಂದ ಲ್ಯಾನ್ಸಿ ಒಳಗೆ ಹೋದ. ಅವನ ಕೈಯಲ್ಲಿ ಕಬ್ಬಿಣದ ಟ್ರೇ. ಟ್ರೇ ತುಂಬ ಕೆಂಡ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೂರು ವಾರದಿಂದ ಕುವೈತಿನ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಬೇರೆಯೇ ಕಥೆ ಓಡುತ್ತಿದೆ. ಆ ಕಥೆಯಲ್ಲಿ ಕೆಂಡವೇ ಇಲ್ಲ. ಕೋಳಿ ಮಾತ್ರ ಇದೆ. ಕೆಟ್ಟುಹೋದ ಕೋಳಿ.

ಕೋಳಿ ಕೆಟ್ಟಿರಲಿಲ್ಲ. ನಾನೂ ತಿಂದಿದ್ದೇನೆ. (ಎರಡು ಕಾಲು, ಒಂದು ಎದೆ. ಕೊಲೆಸ್ಟರಾಲ್ ಡಾಕ್ಟರು ಈ ಅಂಕಣ ಓದುವುದಿಲ್ಲ, ಹೆಂಡತಿ ಓದುತ್ತಾಳೆ. ಆದರೂ ಹೇಳಲೇಬೇಕು.)

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಇಲ್ಲಿ ಚಳಿಗಾಲವೆಂದರೆ ಬಾರ್ಬೆಕ್ಯೂ. ಎಂಟು ತಿಂಗಳು ಎಸಿಯ ಕೆಳಗೆ ಮುದುಡಿ ಕೂತ ಜನ ನವೆಂಬರ್ ಬಂದೊಡನೆ ಮರುಭೂಮಿಗೆ ಹೊರಡುತ್ತಾರೆ. ಕುವೈತಿಗಳ ಟೆಂಟು ತಿಂಗಳುಗಟ್ಟಲೆ ನಿಲ್ಲುತ್ತದೆ. ನಾವು ಬಾಡಿಗೆಗೆ ಹಿಡಿದು ರಜೆಯ ಒಂದು ಶುಕ್ರವಾರ ಹೋಗುತ್ತೇವೆ. ನಮ್ಮ ಸಂಘದ್ದು ಸುಮ್ಮನೆ ಪಿಕ್ನಿಕ್ ಅಲ್ಲ, ಸ್ಪರ್ಧೆ. ಬಡಾವಣೆಗೊಂದು ಟೀಮು: ಮಂಗಫ್, ಫಹಾಹೀಲ್, ಅಬ್ಬಾಸಿಯಾ. ಮಂಗಫಿನವರು ಹೆಚ್ಚಾಗಿ ರಿಫೈನರಿಯವರು. ಅವರ ಒಲೆ ಎಂದರೆ ಎರಡಾಗಿ ಕೊಯ್ದು ವೆಲ್ಡ್ ಮಾಡಿದ ಎಣ್ಣೆ ಡ್ರಮ್ಮು. ನೋಡಿದರೆ ಅದೂ ಒಂದು ಪ್ಲಾಂಟಿನ ಹಾಗೇ ಇರುತ್ತದೆ. ಫಹಾಹೀಲಿನವರು ಮೀನು ಸುಡುತ್ತಾರೆ. ಅಬ್ಬಾಸಿಯಾದ ಬ್ಯಾಚುಲರ್‌ಗಳು ಬಸ್ಸು ಹಿಡಿದು ಬರುತ್ತಾರೆ, ಕೋಳಿ ಸುಡುತ್ತಾರೆ, ಟ್ರೋಫಿ ತೆಗೆದುಕೊಂಡು ಹೋಗುತ್ತಾರೆ.

ಅದಕ್ಕೆ ಕಾರಣ ವಸಂತ. ಅಬ್ಬಾಸಿಯಾದ ಒಂದು ಹೋಟೆಲಿನಲ್ಲಿ ಗ್ರಿಲ್ ನೋಡಿಕೊಳ್ಳುವವನು. ಊರಿನ ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ಹಿಂದಿನ ದಿನವೇ ಕೋಳಿಗೆ ಹಚ್ಚಿ, ಐಸ್ ಬಾಕ್ಸಿನಲ್ಲಿಟ್ಟು ತರುತ್ತಾನೆ. ಬಾಯಿ ಸ್ವಲ್ಪ ಜಾಸ್ತಿ. ಆ ದಿನವೂ ಮಂಗಫ್ ಟೀಮಿನ ಲ್ಯಾನ್ಸಿಯ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, ಇದರಲ್ಲಿ ಕೋಳಿ ಸುಡುವುದಾ ಅಥವಾ ಪೆಟ್ರೋಲ್ ತೆಗೆಯುವುದಾ ಎಂದು ಕೇಳಿ ಹೋಗಿದ್ದ. ಲ್ಯಾನ್ಸಿ ಬಿಡಲಿಲ್ಲ. "ನೀನು ಮಸಾಲೆ ಹಚ್ಚಿದ್ದು ಕೋಳಿಗೋ, ತೀರ್ಪುಗಾರರಿಗೋ ಮಾರಾಯ?" ಎಂದ. ಎಲ್ಲರೂ ನಕ್ಕೆವು. ಟ್ರೋಫಿ ಮತ್ತೆ ವಸಂತನಿಗೇ ಹೋಯಿತು.

ಊಟ ಮುಗಿಯುವಾಗ ಗಾಳಿ ತಿರುಗಿತು. ಜನವರಿಯ ಬಡಗಣ ಗಾಳಿ ಹೇಗೆಂದು ಇಲ್ಲಿದ್ದವರಿಗೆ ಗೊತ್ತು. ಬಿಸಿಲು ಇರುತ್ತದೆ, ಬಿಸಿ ಇರುವುದಿಲ್ಲ. ಮರಳು ತಟ್ಟೆಯೊಳಗೆ ಬರತೊಡಗಿತು.

ಬಿಳಿ ಟೆಂಟಿನಲ್ಲಿ ಮೂವರಿದ್ದರು. ಹರೀಶನ ಹೆಂಡತಿ ಪ್ರತಿಮಾ, ಅವಳ ಮೂರು ತಿಂಗಳ ಮಗು, ಪ್ರತಿಮಾಳ ತಾಯಿ ಗಿರಿಜಮ್ಮ. ಹರೀಶ ಸಂಘದ ಕಮಿಟಿಯವನು, ಬಾರದೆ ಇರುವಂತಿರಲಿಲ್ಲ. ಬಾಣಂತಿಗೂ ಮಂಗಫಿನ ಫ್ಲ್ಯಾಟಿನ ನಾಲ್ಕು ಗೋಡೆ ಸಾಕಾಗಿತ್ತು. ಗಿರಿಜಮ್ಮ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಬಂದವರು. ಮರುಭೂಮಿಗೆ ಕೂಸನ್ನು ಕರೆದುಕೊಂಡು ಹೋಗುವುದುಂಟಾ ಎಂದು ಬೆಳಿಗ್ಗೆಯಿಂದ ಗೊಣಗಿ, ಕೊನೆಗೆ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದರಂತೆ.

ಹಿಂದಿನ ವರ್ಷ ಮಳೆ ಬಂದು ಟೆಂಟು ಸೋರಿತ್ತು. ಅದಕ್ಕೆ ಈ ಸಲ ಒಳಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹೊಸ ಟೆಂಟು ಹಿಡಿದಿದ್ದರು. ಗಾಳಿ ಬಂದಾಗ ಮಂಗಫಿನ ಹುಡುಗರು ಅದರ ಕಿಟಕಿಗಳ ಜಿಪ್ ಎಳೆದರು. ಅಂಚಿನಿಂದ ಮರಳು ನುಗ್ಗದಂತೆ ಸುತ್ತಲೂ ಮರಳಿನ ಚೀಲ ಇಟ್ಟರು. ಅಚ್ಚುಕಟ್ಟಾಗಿ ಇಟ್ಟರು. ಆ ಅಚ್ಚುಕಟ್ಟನ್ನು ನಾನು ಮೆಚ್ಚಿ ನೋಡುತ್ತಿದ್ದೆ.

ಗಿರಿಜಮ್ಮ ಬಾಗಿಲಿನಿಂದ ತಲೆ ಹೊರಗೆ ಹಾಕಿ ಲ್ಯಾನ್ಸಿಯನ್ನು ಕರೆದರು. ಈ ಮಾತುಗಳು ನನಗೆ ಕೇಳಿಸಿದವು, ಹಾಗಾಗಿ ಇದ್ದಂತೆಯೇ ಬರೆಯುತ್ತೇನೆ.

"ಮಗಾ, ಒಂದು ಚಟ್ಟಿಯಲ್ಲಿ ಎರಡು ಕೆಂಡ ಸಿಗಬಹುದಾ? ಕೂಸಿನ ಕಾಲು ತಣ್ಣಗೆ ಆಗ್ತಾ ಉಂಟು."

"ಎರಡು ಯಾಕೆ ಅಮ್ಮ, ಟ್ರೇಯಲ್ಲೇ ತರ್ತೇನೆ. ಹೇಗೂ ಅಡುಗೆ ಮುಗಿಯಿತಲ್ಲ."

"ಹೊಗೆ ಬರಬಾರದು ಆಯ್ತಾ?"

"ಹೊಗೆ ಎಲ್ಲ ಹೋಗಿ ಆಗಿದೆ. ಬರೀ ಕೆಂಡ."

ಹೊಗೆ ಇರಲಿಲ್ಲ, ನಿಜ. ಬಿಳಿ ಬೂದಿ ಮುಸುಕಿದ, ಒಳಗೆ ಕೆಂಪಗಿದ್ದ ಶುದ್ಧ ಕೆಂಡ. ನಮ್ಮ ಕಡೆ ಬಾಣಂತಿಯ ಕೋಣೆಗೆ ಇಡುವುದೂ ಅಂಥದ್ದನ್ನೇ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಕೆಂಡದ ಮೇಲೆ ಅಂಗೈ ಕಾಯಿಸಿ ಹೊಟ್ಟೆಗೆ ಒತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದು ಹೆಂಚಿನ ಮನೆ. ಹೆಂಚು ಹೆಂಚಿನ ನಡುವೆ ಸಂದಿ. ಇಲ್ಲಿ ಪಕ್ಕದ ಕ್ಯಾಂಪಿನ ಕುವೈತಿಗಳೂ ಟೆಂಟಿನೊಳಗೆ ಕೆಂಡದ ಸುತ್ತ ಕೂರುತ್ತಾರೆ. ಅವರದ್ದು ಉಣ್ಣೆಯ ಕಪ್ಪು ಟೆಂಟು, ಒಂದು ಬದಿ ಪೂರಾ ತೆರೆದಿರುತ್ತದೆ. ನಾವು ಊರಿನಿಂದ ಕೆಂಡ ತಂದೆವು, ಇಲ್ಲಿಂದ ಟೆಂಟು ತಂದೆವು, ಗಾಳಿಯನ್ನು ಮಾತ್ರ ಎರಡು ಕಡೆಯಿಂದಲೂ ತರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಲ್ಯಾನ್ಸಿಯಾಗಲಿ, ಜಿಪ್ ಎಳೆದ ಹುಡುಗರಾಗಲಿ, ಕೆಲಸದ ಜಾಗದಲ್ಲಿ ಗ್ಯಾಸ್ ಟೆಸ್ಟ್ ಆಗದೆ ಒಂದು ಟ್ಯಾಂಕಿನೊಳಗೆ ತಲೆ ಹಾಕುವವರಲ್ಲ. ಪರ್ಮಿಟ್ ಬೇಕು, ಮೀಟರ್ ಬೇಕು, ಹೊರಗೆ ಒಬ್ಬ ಕಾವಲು ನಿಲ್ಲಬೇಕು. ಲ್ಯಾನ್ಸಿಯೇ ಆ ಪರ್ಮಿಟ್‌ಗೆ ಸಹಿ ಹಾಕುವವನು. ನಾಲ್ಕು ಕಡೆ ಮುಚ್ಚಿದ ಟೆಂಟು ಟ್ಯಾಂಕಲ್ಲದೆ ಮತ್ತೇನು? ಆದರೆ ಶುಕ್ರವಾರ ಯಾರು ಡ್ಯೂಟಿಯಲ್ಲಿರುತ್ತಾರೆ?

ಲ್ಯಾನ್ಸಿ ಟ್ರೇ ಇಟ್ಟು ಹೊರಗೆ ಬಂದ. ಬಾಗಿಲಿನ ಜಿಪ್ಪನ್ನು ಗಿರಿಜಮ್ಮನೇ ಒಳಗಿನಿಂದ ಎಳೆದುಕೊಂಡರು.

ಹೊರಗೆ ಹೌಸಿ ಶುರುವಾಯಿತು. ಮೈಕಿನಲ್ಲಿ ನಂಬರ್ ಕೂಗುತ್ತಿದ್ದರು. ಮೊದಲ ಆಟ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಿತ್ತು. ಆಗ ವಸಂತ ಒಂದು ಪೇಪರ್ ಕಪ್ಪು ಹಿಡಿದುಕೊಂಡು ಟೆಂಟಿನ ಕಡೆ ಹೋದ. ಗಿರಿಜಮ್ಮ ಸಕ್ಕರೆ ಹಾಕದ ಶುಂಠಿ ಚಹಾ ಕೇಳಿದ್ದರಂತೆ. ಬಾಗಿಲ ಬಳಿ ನಿಂತು ಕರೆದ. ಮತ್ತೆ ಕರೆದ. ಮೈಕಿನ ಗದ್ದಲದಲ್ಲಿ ಕೇಳಿಸಲಿಲ್ಲವೇನೋ ಎಂದು ನಾನೂ ಎಣಿಸಿದೆ. ಅವನು ಜಿಪ್ ತೆಗೆದು ಒಳಗೆ ಬಗ್ಗಿದ.

ಕಪ್ಪು ಕೈಯಿಂದ ಬಿತ್ತು. ಅವನು ಕೂಗಲಿಲ್ಲ. ಮೂಗಿಗೆ ತೋಳು ಒತ್ತಿಕೊಂಡು ಒಳಗೆ ಹೋದ, ಮಗುವನ್ನು ಎತ್ತಿಕೊಂಡು ಹೊರಗೆ ಬಂದ. ನಾನು ಓಡಿದೆ. ಲ್ಯಾನ್ಸಿ ನನಗಿಂತ ಮೊದಲು ತಲುಪಿದ್ದ. ಗಿರಿಜಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಒರಗಿದ್ದರು, ಬಾಯಿ ತೆರೆದಿತ್ತು. ಪ್ರತಿಮಾ ಮೊಣಕೈ ಊರಿ ಏಳಲು ನೋಡುತ್ತಿದ್ದಳು, ಏಳಲು ಆಗುತ್ತಿರಲಿಲ್ಲ. ಅವಳ ಕಣ್ಣು ನಮ್ಮನ್ನು ನೋಡುತ್ತಿತ್ತು, ಗುರುತಿಸುತ್ತಿರಲಿಲ್ಲ. ಇಬ್ಬರನ್ನೂ ಚಾಪೆ ಸಮೇತ ಎಳೆದೆವು.

ಮಗು ಅಳುತ್ತಿರಲಿಲ್ಲ. ಈ ವಾಕ್ಯವನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು.

ಲ್ಯಾನ್ಸಿಯ ಹೆಂಡತಿ ಸಿಂತಿಯಾ ನರ್ಸ್. ವಸಂತನ ಕೈಯಿಂದ ಮಗುವನ್ನು ತೆಗೆದುಕೊಂಡು, ಗಾಳಿಗೆ ಬೆನ್ನು ಮಾಡಿ, ಮರಳಿನ ಮೇಲೆ ಮಂಡಿಯೂರಿ ಅದರ ಬಾಯಿಗೆ ಉಸಿರು ಕೊಟ್ಟಳು. ಅಷ್ಟರಲ್ಲಿ ಪಕ್ಕದ ಕ್ಯಾಂಪಿನ ಅಬು ಸಾಲೆಮ್ ತನ್ನ ಜೀಪು ತಂದು ನಿಲ್ಲಿಸಿದ್ದ. ಟೆಂಟಿನೊಳಗೆ ಒಮ್ಮೆ ಇಣುಕಿದ. ಟ್ರೇ ನೋಡಿದ, ಮರಳಿನ ಚೀಲ ನೋಡಿದ. ನಮಗೆ ಅರ್ಥವಾಗಲೆಂದು ನಾವಾಡುವ ಅರಬಿಯಲ್ಲೇ ಹೇಳಿದ: "ಹವಾ ಮಾಫಿ." ಗಾಳಿ ಇಲ್ಲ. ಅಷ್ಟೇ.

ನಮ್ಮ ಕಾರುಗಳು ಆ ಮರಳಿನಲ್ಲಿ ಅಷ್ಟು ಬೇಗ ಹೊರಡುವಂತಿರಲಿಲ್ಲ. ಆ ಮೂವರನ್ನೂ ಹರೀಶನನ್ನೂ ಸಿಂತಿಯಾಳನ್ನೂ ಹತ್ತಿಸಿಕೊಂಡು ಅಬು ಸಾಲೆಮ್‌ನ ಜೀಪು ಹೊರಟಿತು. ಟಾರು ರಸ್ತೆ ಸಿಗುವ ಮೊದಲೇ ಮಗು ಅತ್ತಿತು ಎಂದು ಸಿಂತಿಯಾ ಆಮೇಲೆ ಹೇಳಿದಳು. ನಾನು ಆ ಜೀಪಿನಲ್ಲಿರಲಿಲ್ಲ. ಹಾಗಾಗಿ ಅದನ್ನು ಅವಳ ಮಾತಾಗಿಯೇ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. ಕಾರ್ಬನ್ ಮಾನಾಕ್ಸೈಡ್ ಎಂದರು ಡಾಕ್ಟರು. ಬಣ್ಣವಿಲ್ಲ, ವಾಸನೆಯಿಲ್ಲ. ಮೂವರಿಗೂ ಆಕ್ಸಿಜನ್ ಇಟ್ಟರು, ಕೆಲವು ದಿನ ನೋಡಿ ಮನೆಗೆ ಕಳಿಸಿದರು. ಡಾಕ್ಟರು ಹೇಳಿದ್ದನ್ನು ಹರೀಶ ನನ್ನೆದುರೇ ಸಂಘದ ಅಧ್ಯಕ್ಷರಿಗೆ ಹೇಳಿದ. ಅಂದರೆ ಗೊತ್ತಾಗಬೇಕಾದವರಿಗೆ ಗೊತ್ತಾಗಿದೆ.

ಹಾಗಿದ್ದರೆ ಕೋಳಿ ಎಲ್ಲಿಂದ ಬಂತು?

ಆ ವಾರವೇ ಬಂತು. ಬಾರ್ಬೆಕ್ಯೂನಲ್ಲಿ ಫುಡ್ ಪಾಯಿಸನ್ ಆಯಿತಂತೆ ಎಂದು ಯಾರೋ ಗ್ರೂಪಿಗೆ ಹಾಕಿದರು. ಕಮಿಟಿ ಅಲ್ಲಗಳೆಯಲಿಲ್ಲ. ಒಂದು ಫೋನ್ ಕರೆಯಲ್ಲಿ ನಾನು ಅಧ್ಯಕ್ಷರನ್ನು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕೆಂಡ ಎಂದರೆ ಲ್ಯಾನ್ಸಿಯ ಹೆಸರು ಬರುತ್ತದೆ, ಅವನ ಕೆಲಸವೇ ಸೇಫ್ಟಿಯದು ಎಂದರು. ಗಿರಿಜಮ್ಮನ ಹೆಸರು ಬರುತ್ತದೆ, ಆ ತಾಯಿ ಉಳಿದ ಆಯುಸ್ಸು ಹೇಗೆ ಕಳೆಯಬೇಕು ಎಂದರು. "ಕೋಳಿ ಅಂದ್ರೆ ನಾಲ್ಕು ದಿನ ಮಾತಾಡ್ತಾರೆ, ಮರೀತಾರೆ. ನೀವು ಈ ವಿಷಯ ಬರೀಬೇಡಿ ಮಾರಾಯ್ರೆ."

ಎಷ್ಟು ಕರುಣೆಯ ಸುಳ್ಳು, ಅಲ್ಲವೇ? ಇಬ್ಬರನ್ನು ಕಾಪಾಡುತ್ತದೆ. ಮೂರನೆಯವನು ಮಾತ್ರ ಲೆಕ್ಕಕ್ಕಿಲ್ಲ.

ಕಳೆದ ವಾರ ಅಬ್ಬಾಸಿಯಾಕ್ಕೆ ಹೋಗಿದ್ದೆ. ವಸಂತನ ಹೋಟೆಲಿನಲ್ಲಿ ಗ್ರಿಲ್ ಮುಂದೆ ಬೇರೆ ಯಾರೋ ನಿಂತಿದ್ದರು. ವಸಂತ ಹಿಂದುಗಡೆ ಈರುಳ್ಳಿ ಹೆಚ್ಚುತ್ತಿದ್ದ. ಗಿರಾಕಿಗಳು ಕೇಳುತ್ತಾರಂತೆ, ಆ ಬಾರ್ಬೆಕ್ಯೂನವನು ಇವನೇ ಅಲ್ಲವಾ ಎಂದು. ಮಾಲೀಕ ಸ್ವಲ್ಪ ದಿನ ಒಳಗೇ ಇರು ಎಂದಿದ್ದಾನೆ. ಬಾಯಿ ಜಾಸ್ತಿ ಎಂದೆನಲ್ಲ, ಆ ಬಾಯಿ ಅವತ್ತು ಮುಚ್ಚಿತ್ತು. ಹೊರಡುವಾಗ ಒಂದೇ ಮಾತು ಹೇಳಿದ.

"ಸರ್, ಆ ಮೂರು ಮಂದಿ ನನ್ನ ಕೋಳಿ ತಿಂದೇ ಇಲ್ಲ."

ರಸ್ತೆಗೆ ಬಂದ ಮೇಲೆ ನಾನು ಅದನ್ನು ನಿಧಾನವಾಗಿ ಯೋಚಿಸಿದೆ. ಪ್ರತಿಮಾ ಬಾಣಂತಿ, ಪಥ್ಯದಲ್ಲಿದ್ದಳು. ಮನೆಯಿಂದ ತಂದ ಮೆಣಸಿನ ಸಾರು ಅನ್ನ ಉಂಡಿದ್ದಳು. ಗಿರಿಜಮ್ಮ ಶುಕ್ರವಾರ ಮೀನು ಮಾಂಸ ಮುಟ್ಟುವವರಲ್ಲ, ವಸಂತನ ಮಸಾಲೆಯ ಪರಿಮಳಕ್ಕೇ ನನ್ನ ವ್ರತ ಕೆಟ್ಟಿತು ಎಂದು ತಮಾಷೆ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಇನ್ನು ಉಳಿದದ್ದು ಮಗು. ಮೂರು ತಿಂಗಳ ಮಗು ಕೋಳಿಯ ಕಾಲು ಕಡಿದಿತ್ತೇ? ತಿಂದ ನಾವೆಲ್ಲ ಹೊರಗೆ ಹೌಸಿ ಆಡುತ್ತಿದ್ದೆವು, ತಿನ್ನದ ಮೂವರು ಒಳಗೆ ಬಿದ್ದಿದ್ದರು. ಇಷ್ಟನ್ನು ಯಾರೂ ಕೂಡಿಸಿ ನೋಡಲಿಲ್ಲ. ನೋಡುವ ಮನಸ್ಸಿರಲಿಲ್ಲ.

ಬರೆಯುವ ಮೊದಲು ಇಬ್ಬರನ್ನು ಕೇಳಿದೆ. ಒಬ್ಬ ಲ್ಯಾನ್ಸಿ. ಅವನು ಈಗ ಟ್ರೇ ಮುಟ್ಟುವುದಿಲ್ಲ, ಡ್ರಮ್ಮನ್ನೂ ಯಾರಿಗೋ ಕೊಟ್ಟಿದ್ದಾನೆ. ಹೆಸರು ಹಾಕಿಯೇ ಬರೆಯಿರಿ ಎಂದ, ಹೆಸರು ಇಲ್ಲದಿದ್ದರೆ ಇದೂ ಇನ್ನೊಂದು ಫಾರ್ವರ್ಡ್ ಆಗುತ್ತದೆ ಎಂದ. ಕೋಳಿಯ ಕಥೆ ಹುಟ್ಟಿದ ದಿನವೇ ತಾನು ಬಾಯಿ ಬಿಡಬೇಕಿತ್ತು ಎಂದೂ ಹೇಳಿದ. ಮರುದಿನ ತಾನೇ ಅಬ್ಬಾಸಿಯಾಕ್ಕೆ ಹೋಗಿ ವಸಂತನ ಮಾಲೀಕನೆದುರು ಕೂತು ಬಂದಿದ್ದಾನೆ. ಮಾಲೀಕ ನೋಡೋಣ ಎಂದಿದ್ದಾನೆ. ವಸಂತನ ಗೆಳೆಯನೊಬ್ಬನ ಬಾಯಿಮಾತಿಗೆ ಇನ್ನೇನು ಹೇಳಿಯಾನು?

ಗಿರಿಜಮ್ಮನ ಹತ್ತಿರ ಹೋಗಲು ನನಗೆ ಅಳುಕಿತ್ತು. ಅವರು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದರು. ತಟ್ಟುವ ಕೈ ನಿಲ್ಲಲಿಲ್ಲ.

"ಬರೀರಿ ಅಣ್ಣ. ಬಾಣಂತನ ಮಾಡ್ಲಿಕ್ಕೆ ನನ್ನಂಥ ಎಷ್ಟು ಅಮ್ಮಂದಿರು ಇಲ್ಲಿಗೆ ಬರ್ತಾರೆ. ಎಲ್ಲರ ತಲೆಯಲ್ಲೂ ಅದೇ ಕೆಂಡ ಉಂಟು. ಆ ಹುಡುಗನ ಮೇಲೆ ಯಾಕೆ ಹಾಕುವುದು? ಅವನು ಚಹಾ ತಾರದಿದ್ರೆ?"

ಆ ಪ್ರಶ್ನೆಯನ್ನು ಅವರು ಮುಗಿಸಲಿಲ್ಲ. ನಾನೂ ಮುಗಿಸುವುದಿಲ್ಲ.

ಫೆಬ್ರವರಿಯಲ್ಲಿ ಇನ್ನೂ ಮೂರು ಸಂಘಗಳ ಬಾರ್ಬೆಕ್ಯೂ ಇದೆ ಎಂದು ಕೇಳಿದ್ದೇನೆ. ಸಂತೋಷ. ಕೋಳಿ ಸುಡಲಿ, ಮೀನು ಸುಡಲಿ, ಜಗಳವಾಡಲಿ, ಟ್ರೋಫಿ ಗೆಲ್ಲಲಿ. ನಾನೂ ಹೋಗುತ್ತೇನೆ. ಆದರೆ ಊಟವಾದೊಡನೆ ಕೆಂಡಕ್ಕೆ ನೀರು ಸುರಿಯಿರಿ. ಚಳಿಯಾದರೆ ಕಂಬಳಿ ತನ್ನಿ, ಇಲ್ಲವೇ ಮಕ್ಕಳನ್ನು ಕರೆದುಕೊಂಡು ಮನೆಗೆ ಹೊರಡಿ. ಮುಚ್ಚಿದ ಟೆಂಟಿಗೆ ಒಂದು ಕೆಂಡವೂ ಬೇಡ. ಯಾರಾದರೂ ಟ್ರೇ ಹಿಡಿದು ಬಂದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ವಯಸ್ಸಾದ ಮನುಷ್ಯ, ದೂಡಿದರೆ ಬೀಳುತ್ತೇನೆ, ಆದರೂ ನಿಲ್ಲುತ್ತೇನೆ. ಅಪಘಾತವನ್ನು ಕೋಳಿಯ ಮೇಲೆ ಹಾಕಿದರೆ ಮುಂದಿನ ವರ್ಷ ಎಲ್ಲರೂ ಕೋಳಿಯನ್ನು ಮೂಸಿ ನೋಡುತ್ತಾರೆ, ಕೆಂಡ ಮತ್ತೆ ಒಳಗೆ ಹೋಗುತ್ತದೆ.

ನನ್ನ ಮಾತು ಸಾಲದೆನ್ನುವವರು ಇವರನ್ನು ಕೇಳಬಹುದು. ಕೆಂಡ ಒಯ್ದ ಲ್ಯಾನ್ಸಿ, ಮಂಗಫಿನಲ್ಲಿದ್ದಾನೆ. ಮಗುವಿಗೆ ಉಸಿರು ಕೊಟ್ಟ ಸಿಂತಿಯಾ, ಅದೇ ಮನೆಯಲ್ಲಿದ್ದಾಳೆ. ಟ್ರೇ ನೋಡಿದ ಅಬು ಸಾಲೆಮ್, ಮಾರ್ಚ್‌ವರೆಗೆ ತನ್ನ ಕಪ್ಪು ಟೆಂಟಿನಲ್ಲಿರುತ್ತಾನೆ. ಬಾಗಿಲು ತೆರೆದ ವಸಂತ, ಅಬ್ಬಾಸಿಯಾದ ಹೋಟೆಲಿನ ಹಿಂದುಗಡೆ ಈರುಳ್ಳಿಯ ಮುಂದೆ ಇದ್ದಾನೆ. ಪ್ರತಿಮಾ ಇದ್ದಾಳೆ, ಗಿರಿಜಮ್ಮ ಇದ್ದಾರೆ.

ಮಗು ಏನನ್ನೂ ನೋಡಿಲ್ಲ, ನಿದ್ದೆಯಲ್ಲಿತ್ತು. ಕೆಂಡ ಒಳಗೆ ತರುತ್ತೇನೆ ಎನ್ನುವವರು ಮೊದಲು ಅದನ್ನು ಒಂದು ನಿಮಿಷ ಎತ್ತಿಕೊಳ್ಳಲಿ.