ದೇವರ ಗೂಡಿನಲ್ಲಿ ಉಳಿದ ಚಾಕು

ಕಾಡಿಗೆ ಹೊರಟಾಗ ನನಗೆ ಕಾಡಿನ ಭಯ ಇರಲಿಲ್ಲ. ಹೆಬ್ಬಾಳದಲ್ಲಿ ವ್ಯಾನ್ ಹತ್ತುವ ಮುಂಚೆ ಬ್ಯಾಗ್ ಬಿಚ್ಚಿ ನೋಡುತ್ತಾರಲ್ಲ, ಅದರ ಭಯ ಇತ್ತು.

ನಾನು ಸಹಕಾರನಗರದ ಒಂದು ಶಾಲೆಯ ಬಸ್ಸಿನಲ್ಲಿ ಅಟೆಂಡರ್. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಯಾರಾದರೂ ವಾಂತಿ ಮಾಡಿಕೊಂಡರೆ ಒರೆಸುವುದು ನನ್ನ ಕೆಲಸ. ಈ ವರ್ಷ ದೊಡ್ಡ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಬೆಂಕಿ ಹೊತ್ತಿಸುವುದು, ಟಾರ್ಪಾಲು ಕಟ್ಟಿ ಮಲಗುವುದು ಎಲ್ಲ ಕಲಿಸಬೇಕೆಂದು ಶಾಲೆಯವರು ತೀರ್ಮಾನಿಸಿದರು. ಬುಷ್‌ಕ್ರಾಫ್ಟ್ ಎಂದು ಅದರ ಹೆಸರು. ಜೊತೆಗೆ ಒಬ್ಬ ಸಹಾಯಕ ಬೇಕಿತ್ತು. ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆದರು.

"ಮೊದ್ಲು ನೀವು ಆ ಕೋರ್ಸ್ ಮಾಡ್ಕೊಂಡ್ ಬನ್ನಿ. ಆಮೇಲೆ ಆ ಕೆಲ್ಸ ನಿಮ್ಗೇನೆ. ಆದ್ರೆ ಸಾಮಾನೆಲ್ಲ ಸರಿಯಾಗಿ ತಗೊಂಡ್ಹೋಗಿ. ಒಂದು ಕಮ್ಮಿ ಇದ್ರೂ ಗಾಡಿ ಹತ್ತಿಸಲ್ಲ ಅವ್ರು. ಹೋದ್ಸಲ ನಮ್ಮ ಪಿಟಿ ಮಾಸ್ಟ್ರನ್ನೇ ವಾಪಸ್ ಕಳ್ಸಿದ್ರು."

ವಾಪಸ್ ಕಳಿಸುವುದು ಅಂದರೆ ಏನು ಅಂತ ನನಗೆ ಗೊತ್ತು. ಚಿಕ್ಕವನಿದ್ದಾಗ ನಮ್ಮೂರಿನ ಶಾಲೆಯ ಗೇಟಿನಲ್ಲಿ ಯೂನಿಫಾರಂ ಇಲ್ಲವೆಂದು ನನ್ನನ್ನು ವಾಪಸ್ ಕಳಿಸಿದ್ದರು. ನಾಳೆ ಹಾಕಿಕೊಂಡು ಬಾ ಎಂದಿದ್ದರು. ಆ ನಾಳೆ ಬರುವುದಕ್ಕೆ ಬಹಳ ವರ್ಷ ಹಿಡಿಯಿತು. ಮದುವೆಯಾದ ಮೇಲೆ, ಹೆಂಡತಿ ಬೆನ್ನು ಬಿದ್ದಿದ್ದಕ್ಕೆ, ಸಂಜೆ ತರಗತಿಗೆ ಹೋಗಿ ಹತ್ತನೇ ಕ್ಲಾಸು ಪಾಸು ಮಾಡಿದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನವೇ ಯಲಹಂಕದ ನಮ್ಮ ಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿದೆ. ಹಗ್ಗ, ಟಾರ್ಚು, ಮಳೆ ಕೋಟು, ಸ್ಟೀಲ್ ಲೋಟ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬೆಂಕಿಪೊಟ್ಟಣ. ಟಾರ್ಪಾಲು ಹಿಂದಿನ ಬೀದಿಯ ಹೂವಿನ ಅಂಗಡಿಯವರದು. ಕೊಡವಿದರೆ ಒಣಗಿದ ಸೇವಂತಿಗೆ ದಳ ಉದುರುತ್ತಿತ್ತು. ಚಾಕು ಮಾತ್ರ ಹೊಸದು. ಅಂಗೈಗಿಂತ ಸ್ವಲ್ಪ ಉದ್ದ, ಮರದ ಹಿಡಿ, ಗಟ್ಟಿ ಚರ್ಮದ ಒರೆ.

"ರೀ, ಅದನ್ನ ಎಲ್ಲಿಗೆ ಹಾಕ್ತಿದ್ದೀರಿ?" ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ಸೈಡ್ ಜೇಬಿಗೆ."

"ಹೊಸ ಕಬ್ಬಿಣ ಕಣ್ರೀ. ಪೂಜೆ ಮಾಡ್ದೆ ಕಾಡಿಗೆ ತಗೊಂಡ್ಹೋಗ್ತೀರಾ? ಸ್ಕೂಟರ್ ತಂದಾಗ ನಿಂಬೆಹಣ್ಣಿನ ಮೇಲೆ ಹತ್ತಿಸ್ಲಿಲ್ವಾ?"

"ಚಾಕೂನ ಹೆಂಗೆ ಹತ್ತಿಸ್ತೀಯ? ನಿಂಬೆಹಣ್ಣು ಹೆಚ್ಬೋದು ಅಷ್ಟೇ."

"ತಮಾಷೆ ಸಾಕು, ಕೊಡಿ ಇಲ್ಲಿ. ಒರೆ ಬೇಡ, ಚರ್ಮ. ದೇವ್ರ ಹತ್ರ ಇಡೋ ಹಾಗಿಲ್ಲ."

ಚಾಕುವಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಒರೆಯನ್ನು ನಾನು ಬ್ಯಾಗಿನ ಜೇಬಿಗೆ ತುರುಕಿದೆ. ಅವಳು ತಂದಿಟ್ಟ ನಿಪ್ಪಟ್ಟಿನ ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟೆ. ಹೊರಗಿನ ತಿಂಡಿ ತರಬಾರದು ಎಂದು ಕೋರ್ಸಿನವರು ಹೇಳಿದ್ದರು. ಅವಳು ಮತ್ತೆ ಇಟ್ಟಳು. ನಾನು ಮತ್ತೆ ತೆಗೆದೆ.

ಬೆಳಿಗ್ಗೆ ಹೊರಡುವಾಗ ಜೇಬು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ನೆಮ್ಮದಿಯಾಗಿ ಬಸ್ ಹತ್ತಿದೆ.

ಕೋಗಿಲು ಕ್ರಾಸ್ ದಾಟಿದ ಮೇಲೆ ಸೀಟು ಸಿಕ್ಕಿತು. ಸುಮ್ಮನೆ ಕೂತಿರಲಾರದೆ ಒರೆಯನ್ನು ಹೊರಗೆ ತೆಗೆದೆ. ಹಗುರವಾಗಿತ್ತು. ಒಳಗೆ ಬೆರಳು ಹಾಕಿದರೆ ಏನೂ ಇಲ್ಲ. ಮನೆಗೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಇಳಿದು ವಾಪಸ್ ಹೋದರೆ ವ್ಯಾನ್ ಹೋಗಿಬಿಡುತ್ತದೆ. ಅಷ್ಟು ಬೆಳಿಗ್ಗೆ ಅಂಗಡಿಯೂ ತೆಗೆದಿರುವುದಿಲ್ಲ. ಕೊಡಿಗೇಹಳ್ಳಿ ಗೇಟು ಬಂದದ್ದು, ಹೋದದ್ದು ನನಗೆ ಕಾಣಲಿಲ್ಲ.

ಹೆಬ್ಬಾಳದ ಫ್ಲೈಓವರ್ ಪಕ್ಕ ವ್ಯಾನ್ ನಿಂತಿತ್ತು. ಬಂದವರೆಲ್ಲ ಬ್ಯಾಗ್ ಬಿಚ್ಚಿಕೊಂಡು ಸಾಲಾಗಿ ಕೂತಿದ್ದರು. ಟೋಪಿ ಹಾಕಿದ್ದ, ತರಬೇತಿ ಕೊಡುವ ಹುಡುಗ ಒಂದೊಂದೇ ವಸ್ತು ಕೇಳುತ್ತ ನನ್ನ ಹತ್ತಿರ ಬಂದ. ಹಗ್ಗ ತೋರಿಸಿದೆ, ಟಾರ್ಪಾಲು ತೋರಿಸಿದೆ. ಚಾಕು ಎಂದಾಗ ಒರೆ ಕೊಟ್ಟೆ. ಅವನು ತಲೆಕೆಳಗೆ ಮಾಡಿ ಅಲ್ಲಾಡಿಸಿದ.

"ಅಣ್ಣ, ಇದು ಬರೀ ಕವರ್ರು."

"ಚಾಕು ಮನೇಲಿದೆ ಸರ್. ದೇವ್ರ ಮುಂದೆ."

ಸಾಲಿನಲ್ಲಿದ್ದವರು ನಕ್ಕರು. ಅವನಿಗೂ ನಗು ಬಂತು. "ಟ್ರೈನಿಂಗ್ ನಿಮ್ಗಾ, ದೇವ್ರಿಗಾ? ಚಾಕು ನಾವು ಕೊಡಲ್ಲ ಅಣ್ಣ, ಇಲ್ದೆ ಹತ್ತಿಸೋದೂ ಇಲ್ಲ, ರೂಲ್ಸು. ಉಳ್ದೋರದ್ದು ಚೆಕ್ ಆಗೋವರ್ಗೂ ಟೈಮಿದೆ. ಅಷ್ಟರೊಳ್ಗೆ ತರ್ಸಿದ್ರೆ ಹತ್ಕೊಳ್ಳಿ."

ಟಾರ್ಪಾಲು ಮಡಿಸಿ ಬ್ಯಾಗಿಗೆ ಹಾಕಿ ಪಕ್ಕಕ್ಕೆ ನಿಂತೆ. ಉಳಿದವರು ಒಬ್ಬೊಬ್ಬರೇ ವ್ಯಾನ್ ಹತ್ತುತ್ತಿದ್ದರು. ಚಿಕ್ಕವನಿದ್ದಾಗಲೂ ಹೀಗೇ ಗೇಟಿನ ಪಕ್ಕ ನಿಂತು ಬೇರೆಯವರು ಒಳಗೆ ಹೋಗುವುದನ್ನು ನೋಡಿದ್ದೆ.

ಆಗ ಯಲಹಂಕದ ಇನ್ನೊಂದು ಬಸ್ಸು ಬಂದು ನಿಂತಿತು. ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ಇಳಿದಳು. ಮೊದಲು ಸ್ವೆಟರ್ ಗುರುತು ಸಿಕ್ಕಿತು, ಆಮೇಲೆ ಹೆಂಡತಿ.

"ಫೋನ್ ಯಾಕೆ ಎತ್ಲಿಲ್ಲ?" ಎಂದೆ.

"ಫೋನ್ ಮನೇಲೇ ಇದೆ. ದೀಪ ಹಚ್ಚೋಕೆ ಹೋದ್ರೆ ನಿಮ್ಮ ಚಾಕು ತಣ್ಣಗೆ ಮಲ್ಗಿತ್ತು. ಆಧಾರ್ ಕಾರ್ಡ್ ಒಂದು ಹಿಡ್ಕೊಂಡು ಓಡ್ಬಂದೆ."

"ಚಾಕು ಎಲ್ಲಿ?"

ಚೀಲದಿಂದ ನಿಪ್ಪಟ್ಟಿನ ಡಬ್ಬಿ ತೆಗೆದಳು. "ಲೇಡೀಸ್ ಸೀಟಲ್ಲಿ ಚಾಕು ಹಿಡ್ಕೊಂಡು ಕೂತ್ಕೊಳೋಕಾಗುತ್ತೇನ್ರೀ?" ಮುಚ್ಚಳ ತೆಗೆದರೆ ನಿಪ್ಪಟ್ಟಿನ ಮೇಲೆ ಕುಂಕುಮ ಹಚ್ಚಿಕೊಂಡ ಚಾಕು.

ಟೋಪಿಯ ಹುಡುಗ ಅದನ್ನು ತಿರುಗಿಸಿ ನೋಡಿದ. "ಚಾಕು ಪಾಸು ಅಕ್ಕ. ನಿಪ್ಪಟ್ಟು ಫೇಲು. ಗಾಡಿ ಒಳ್ಗೆ ಬಿಡಲ್ಲ."

"ಹಂಗಾದ್ರೆ ಗಾಡಿ ಹೊರ್ಗೆ ತಿನ್ನಪ್ಪ" ಎಂದು ಅವನ ಮುಂದೆಯೇ ಡಬ್ಬಿ ಹಿಡಿದಳು. ಅವನು ಒಂದು ತೆಗೆದುಕೊಂಡ. ಹತ್ತಿ ಕೂತವರೂ ಇಳಿದು ಬಂದರು. ನನಗೂ ಒಂದು ಚೂರು ಸಿಕ್ಕಿತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

ಚಾಕುವನ್ನು ಒರೆಗೆ ಹಾಕಿ, ಒರೆಯನ್ನು ಜೇಬಿಗೆ ಹಾಕಿ, ಜಿಪ್ ಎಳೆದು ವ್ಯಾನ್ ಹತ್ತಿದೆ. ಹೆಂಡತಿ ಖಾಲಿ ಡಬ್ಬಿ ಹಿಡಿದು ಕಿಟಕಿಯ ಕೆಳಗೇ ನಿಂತಿದ್ದಳು. ಬಸ್ಸು ಬಂದಿದೆ, ನೀನು ಹೋಗು ಎಂದರೂ ಕದಲಲಿಲ್ಲ. ಆ ಗೇಟಿನ ಕತೆಯನ್ನು ಅವಳಿಗೆ ಒಬ್ಬಳಿಗೇ ಹೇಳಿದ್ದೆ.

ಬಾಗಿಲು ಎಳೆದುಕೊಂಡ ಸದ್ದಾಯಿತು.

"ಇನ್ನು ಇಳ್ಸಲ್ಲ ತಾನೇ?" ಎಂದಳು.

"ಇಲ್ಲ ಕಣೆ. ಒಳಗಿದ್ದೀನಿ."

ಆಮೇಲೆ ಸ್ವೆಟರಿನ ತೋಳು ಮೇಲೆ ಮಡಿಸಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು.