ಹದಿನಾಲ್ಕನೇ ನಂಬರಿನ ಬಸ್ಸು

ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣದ ಬೀದಿಗಳಲ್ಲಿ ಆರ್ಡಿಸ್ ವೋಯ್ಚಿಕ್ ಎಂದರೆ ಜನ ಈಗಲೂ ಮೊದಲು ನೆನೆಯುವುದು ಅವಳ ಗಂಡನ ಓಟವನ್ನು. ಆರ್ಡಿಸ್ ಮೂವತ್ತೊಂದು ವರ್ಷ ಊರ ಬಸ್ಸು ಓಡಿಸಿದವಳು. ಒಂದು ಜನವರಿ ಬೆಳಿಗ್ಗೆ ಅವಳ ಗಂಡ ಲೆನ್, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು, ಹಿಮದಲ್ಲಿ ಜಾರುತ್ತ ಏಳುತ್ತ ಅವಳ ಬಸ್ಸಿನ ಹಿಂದೆಯೇ ಓಡಿಬಂದ. ಬಸ್ಸು ನಿಲ್ದಾಣ ಬಿಟ್ಟು ಇಪ್ಪತ್ತು ಗಜ ಬಂದಾಗಿತ್ತು. ಆರ್ಡಿಸ್ ಕನ್ನಡಿಯಲ್ಲಿ ಅವನನ್ನು ನೋಡಿದಳು, ಬಸ್ಸಿನಲ್ಲಿದ್ದವರೆಲ್ಲ ನೋಡಿದರು. ಬಾಗಿಲು ಮಾತ್ರ ತೆರೆಯಲಿಲ್ಲ.

"ಕಟ್ಕೊಂಡ ಗಂಡ ಕಣೇ ನಾನು!" ಎಂದು ಲೆನ್ ಸಂಜೆ ಮನೆಯಲ್ಲಿ ಕೂಗಾಡಿದ.

"ಗೊತ್ತು. ನಾಳೆ ಐದು ನಿಮಿಷ ಮುಂಚೆ ಏಳು," ಎಂದಳಂತೆ ಆರ್ಡಿಸ್, ಆಲೂಗಡ್ಡೆ ಸುಲಿಯುತ್ತ. ನಿಲ್ದಾಣ ಬಿಟ್ಟು ಬೇರೆಲ್ಲೂ ಬಾಗಿಲು ತೆರೆಯಬಾರದು ಎಂಬುದು ನಿಯಮ. ಗಂಡನಿಗೆಂದು ಒಂದು ಸಲ ತೆರೆದರೆ ನಾಳೆ ಇನ್ನೊಬ್ಬನಿಗೆ ಯಾವ ಬಾಯಲ್ಲಿ ಇಲ್ಲ ಎನ್ನುವುದು? ಲೆನ್ ತೀರಿಕೊಂಡಾಗ ಅವನ ಗೆಳೆಯರು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೇಳಿಕೊಂಡು ನಕ್ಕದ್ದು ಇದೇ ಕಥೆಯನ್ನು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಅಳು ನಿಲ್ಲಲಿಲ್ಲ, ಆ ಮಾತು ಬೇರೆ.

ಮಕ್ಕಳಿರಲಿಲ್ಲ. ಕೆಲಸದಿಂದ ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ಗೋಡೆಗಳೇ ಮೈಮೇಲೆ ಬರತೊಡಗಿದವು. ಆಗ ಬೇಕರಿ ಅಂಗಡಿಯ ಪರ್ಲೀನ್, ಆರ್ಡಿಸಳ ನಲವತ್ತು ವರ್ಷದ ಗೆಳತಿ, ಅವಳನ್ನು "ಜೊತೆಗಾರರು" ಎಂಬ ಸಂಸ್ಥೆಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದಳು. ಮನೆಯಲ್ಲಿ ಹಿರಿಯರ ಆಸರೆ ಸಾಲದ ಮಕ್ಕಳಿಗೆ ವಾರಕ್ಕೊಮ್ಮೆ ಬಂದು ಜೊತೆಯಾಗುವ ದೊಡ್ಡವರನ್ನು ಹೊಂದಿಸಿಕೊಡುವ ಸಂಸ್ಥೆ ಅದು. ಆರ್ಡಿಸ್ ಪಾಲಿಗೆ ಬಂದವಳು ಜೊನೆಲ್. ಒಂಬತ್ತು ವರ್ಷ, ಮುಂದಿನ ಎರಡು ಹಲ್ಲಿನ ನಡುವೆ ಕಿಂಡಿ, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿ.

ಮೊದಲ ಶನಿವಾರ ಇಬ್ಬರಿಗೂ ಮಾತೇ ಹೊರಡಲಿಲ್ಲ. ಎರಡನೆಯ ಶನಿವಾರ ಹುಡುಗಿ ಕೇಳಿದಳು, "ಮಿಸ್ ಆರ್ಡಿಸ್, ಬಸ್ಸೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತೆ?"

ಪ್ರಶ್ನೆ ಕೇಳಿದ್ದು ಸರಿಯಾದವಳನ್ನೇ. ಆರ್ಡಿಸ್ ಊರಿನ ಬಸ್ಸುಗಳ ನಂಬರನ್ನೆಲ್ಲ ಚೀಟಿಯಲ್ಲಿ ಬರೆದು ಲೆನ್‌ನ ಹಳೆಯ ಉಣ್ಣೆಯ ಟೋಪಿಗೆ ಹಾಕಿದಳು. ಮೂವತ್ತೆಂಟು ಚೀಟಿಗಳು. ತಿಂಗಳ ಮೊದಲ ಶನಿವಾರ ಜೊನೆಲ್ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದ ನಂಬರಿನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಬೇಕು, ಅಲ್ಲಿ ಸಿಕ್ಕಿದ್ದನ್ನು ತಿನ್ನಬೇಕು, ವಾಪಸ್ ಬರಬೇಕು. ಅಷ್ಟೇ ಆಟ. ಒಂದು ಬಸ್ಸು ಗೋದಾಮುಗಳ ಸಾಲಿನಲ್ಲಿ ಇಳಿಸಿತು. ಅಲ್ಲಿ ತಿನ್ನಲು ಏನೂ ಸಿಗದೆ ಕಾವಲುಗಾರನ ಬಿಸ್ಕತ್ತಿನಲ್ಲಿ ಪಾಲು ತಿಂದರು. ಇನ್ನೊಂದು ಸರೋವರದ ದಂಡೆಗೆ ಇಳಿಸಿದಾಗ ಆ ಮೈಕೊರೆಯುವ ಗಾಳಿಯಲ್ಲಿ ಐಸ್‌ಕ್ರೀಮೇ ಬೇಕೆಂದು ಹುಡುಗಿ ಹಟ ಹಿಡಿದಳು. ತಪ್ಪು ಮಾಡುವ ಡ್ರೈವರುಗಳನ್ನು ಆರ್ಡಿಸ್ ಬಾಯೊಳಗೇ ಬೈಯುವುದು, ಜೊನೆಲ್ ಅದನ್ನು ಗಟ್ಟಿಯಾಗಿ ಡ್ರೈವರಿಗೇ ಕೇಳುವಂತೆ ಹೇಳಿಬಿಡುವುದು. ಎಷ್ಟು ಸಲ ಮಾನ ಹೋಯಿತೋ ಲೆಕ್ಕವಿಲ್ಲ. ಕತ್ತಲಾಗುವ ಮುಂಚೆ ಆರ್ಡಿಸಳ ಮನೆಯ ನೀಲಿ ಬಾಗಿಲ ಮೆಟ್ಟಿಲ ಮೇಲೆ ಕೂತು ಪರ್ಲೀನಳ ಅಂಗಡಿಯ ಗಸಗಸೆ ರೋಲ್ ತಿಂದ ಮೇಲೇ ಹುಡುಗಿ ಅಜ್ಜಿಯ ಮನೆಗೆ.

ಈ ನಡುವೆ ಸಂಸ್ಥೆಯವರು ಆರ್ಡಿಸಳನ್ನು ಆಡಳಿತ ಮಂಡಳಿಗೆ ಕರೆದರು. ಮೂರು ಮೂರು ವರ್ಷದ ಎರಡು ಅವಧಿ, ಅಲ್ಲಿಗೆ ಮುಗಿಯಿತು. ಆಮೇಲೆ ಯಾರೇ ಆಗಲಿ ಇಳಿಯಬೇಕು. ವಕೀಲರು, ವ್ಯಾಪಾರಿಗಳು ಕೂರುವ ಮೇಜಿನ ಮುಂದೆ ಬಸ್ ಡ್ರೈವರಿಗೇನು ಕೆಲಸ ಎಂದು ಅವಳೇ ಹಿಂಜರಿದಳು. ಆದರೆ ಕೂತ ಮೊದಲ ವರ್ಷವೇ ಒಂದು ನಿಯಮ ಮಾಡಿಸಿದಳು. ಯಾವುದೋ ಮಗು ಬೇರೆ ಮನೆಗೆ ಹೋದ ಮೇಲೂ ಅದರ ಹಳೆಯ ಜೊತೆಗಾರ್ತಿ ಉಡುಗೊರೆ ಹೊತ್ತು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಗು ಹೊಸ ಮನೆಗೆ ಒಗ್ಗಿಕೊಳ್ಳಲಾರದೆ ಓಡಿಹೋಗಿ ಎರಡು ದಿನ ಸಿಕ್ಕಿರಲಿಲ್ಲ. ಆರ್ಡಿಸ್ ಎದ್ದು ನಿಂತು, "ಜೊತೆ ಮುಗೀತು ಅಂದ್ರೆ ಮುಗೀತು. ಆಮೇಲೆ ಈ ಕಡೆಯಿಂದ ಪತ್ರ ಹೋಗಬಾರದು, ಆ ಕಡೆಯಿಂದ ಬಂದಿದ್ದು ಕಚೇರಿ ಕಪಾಟಲ್ಲೇ ಇರಲಿ. ಹದಿನೆಂಟು ತುಂಬಿದ ಮೇಲೆ ಮಗು ತಾನಾಗಿ ಕೇಳಿದ್ರೆ ಆಗ ನೋಡೋಣ," ಎಂದಳು. ಎಲ್ಲ ಕೈಗಳೂ ಮೇಲೆದ್ದವು. ಇಂಥ ಖಚಿತವಾದ ಹೆಂಗಸು ಮಂಡಳಿಗೆ ಬೇಕಿತ್ತು ಎಂದು ಎಲ್ಲರೂ ಹೊಗಳಿದರು. ಬೇರೆಯವರ ಮನೆಯ ಬಾಗಿಲಿಗೆ ಅಗುಳಿ ಮಾಡುವಾಗ ಅಳತೆ ಎಷ್ಟು ಸಲೀಸಾಗಿ ಸಿಗುತ್ತದೆ ನೋಡಿ.

ಮೂರು ವರ್ಷ ಕಳೆಯಿತು. ಟೋಪಿಯಲ್ಲಿ ಒಂದೇ ಚೀಟಿ ಉಳಿದಿತ್ತು, ಹದಿನಾಲ್ಕು. "ಇದನ್ನ ಎತ್ತೋದೇನು ಬಂತು, ಇದೇ ಅಂತ ಗೊತ್ತಲ್ಲ," ಎಂದು ಜೊನೆಲ್ ಮುಖ ಊದಿಸಿದಳು. "ಆದ್ರೂ ಕಣ್ಣು ಮುಚ್ಕೊಂಡೇ ಎತ್ತಬೇಕು, ಆಟ ಅಂದ್ಮೇಲೆ ಆಟ," ಎಂದಳು ಆರ್ಡಿಸ್. ಆ ಶನಿವಾರ ಬರಲೇ ಇಲ್ಲ. ಬುಧವಾರ ಅಜ್ಜಿ ತೀರಿಕೊಂಡಳು. ಮುಂದಿನ ವಾರ ಹುಡುಗಿಯ ಚಿಕ್ಕಮ್ಮ ಬೇರೆ ರಾಜ್ಯದಿಂದ ಬಂದು ಕರೆದುಕೊಂಡು ಹೋದಳು. ಜೊನೆಲ್‌ಗೆ ಆರ್ಡಿಸಳ ಮನೆಯ ನಂಬರಾಗಲಿ ಫೋನಿನ ನಂಬರಾಗಲಿ ಗೊತ್ತಿರಲಿಲ್ಲ, ಬಾಗಿಲು ಗೊತ್ತಿತ್ತು ಅಷ್ಟೇ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವ ಹೆಂಗಸೂ ಇವಳಲ್ಲ. ಇವಳಿಗಿದ್ದುದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಫೋನು.

ನಾಲ್ಕು ವರ್ಷ ಆಯಿತು. ಈ ನಾಲ್ಕು ವರ್ಷದಲ್ಲಿ ಆರ್ಡಿಸ್ ಯಾರ ಮುಂದೆಯೂ ಆ ಹುಡುಗಿಯ ಹೆಸರೆತ್ತಲಿಲ್ಲ. ಆದರೆ ಬಸ್ಸಿನಲ್ಲಿ ಕಿಂಡಿ ಹಲ್ಲಿನ ಮಗು ಯಾವುದಾದರೂ ನಕ್ಕರೆ ಇಳಿಯಬೇಕಾದ ನಿಲ್ದಾಣವನ್ನೇ ಮರೆಯುತ್ತಿದ್ದಳು. ಟೋಪಿ ಬಾಗಿಲ ಹಿಂದಿನ ಗೂಟದಲ್ಲಿತ್ತು, ಒಳಗೆ ಆ ಒಂದು ಚೀಟಿ. ಹದಿನಾಲ್ಕನೇ ನಂಬರಿನ ಬಸ್ಸನ್ನು ಮಾತ್ರ ಅವಳು ಹತ್ತುತ್ತಿರಲಿಲ್ಲ. ಸುತ್ತು ಬಳಸಿ ಎರಡು ಬಸ್ಸು ಬದಲಾಯಿಸಿದರೂ ಸರಿಯೇ.

ಅರಿಝೋನಾದಲ್ಲಿದ್ದ ತಂಗಿ ಬರ್ನಿಟಾ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. "ಆ ಹಿಮದಲ್ಲಿ ಯಾಕಕ್ಕ ಸಾಯ್ತೀಯ? ಮನೆ ಮಾರಿ ಬಂದ್ಬಿಡು. ಇಲ್ಲಿ ಬಿಸಿಲಿದೆ, ನಾನಿದೀನಿ."

"ಮಾರ್ಚಿನ ಸಭೆ ಮುಗೀಲಿ. ಅದೇ ನನ್ನ ಕೊನೇ ಸಭೆ. ಆಮೇಲೆ ಬರ್ತೀನಿ," ಎಂದಿದ್ದಳು ಆರ್ಡಿಸ್.

ಮಾರ್ಚಿನ ಆ ಶನಿವಾರ ಬೆಳಿಗ್ಗೆ ಹಿಮ ಸುರಿಯುತ್ತಿತ್ತು. ಗ್ರಂಥಾಲಯದ ನೆಲಮಾಳಿಗೆಯ ಕೋಣೆಗೆ ಒಂಬತ್ತು ಸದಸ್ಯರಲ್ಲಿ ಐದೇ ಜನ ಬಂದು ಮುಟ್ಟಿದರು. ಸಭೆ ನಡೆಯಲು ಐವರಿದ್ದರೆ ಸಾಕು. ಅಧ್ಯಕ್ಷ ಥ್ಯಾಡ್ ಬ್ರಿಲ್, ಪೀಠೋಪಕರಣದ ಅಂಗಡಿಯವನು; ವಕೀಲೆ ಮಿಸೆಸ್ ಹೋಲ್ಟ್; ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಎಮೆಟ್; ಪರ್ಲೀನ್; ಆರ್ಡಿಸ್. ಮತ ಹಾಕುವ ಹಕ್ಕಿಲ್ಲದ ನಿರ್ದೇಶಕಿ ರೋಸ್ಲಿನ್ ಮೇಜಿನ ತುದಿಯಲ್ಲಿ. ಅವಳು ಬಂದು ಇನ್ನೂ ಐದು ತಿಂಗಳು, ಹಳೆಯ ಕಥೆ ಒಂದೂ ತಿಳಿಯದವಳು. ಅವಳು ತಂದ ಪ್ರಸ್ತಾಪ ಇಷ್ಟೇ: ಪೋಷಕರು ಒಪ್ಪಿದರೆ ಮಕ್ಕಳ ಪತ್ರಗಳನ್ನು ಹಳೆಯ ಜೊತೆಗಾರರಿಗೆ ತಲುಪಿಸೋಣ.

"ಕಪಾಟಿನಲ್ಲಿ ಹನ್ನೊಂದು ಮಕ್ಕಳ ಪತ್ರ ಇವೆ," ಎಂದಳು ರೋಸ್ಲಿನ್. "ಒಂದನ್ನೂ ಒಡೆದಿಲ್ಲ. ಎಲ್ಲ ಕಚೇರಿ ವಿಳಾಸಕ್ಕೇ ಬಂದಿರೋದು, ಮೇಲೆ ಜೊತೆಗಾರರ ಹೆಸರಿಲ್ಲ. ಒಬ್ಬ ಹುಡುಗಿಯಂತೂ ನಾಲ್ಕು ವರ್ಷದಿಂದ ಪ್ರತಿ ಕ್ರಿಸ್ಮಸ್‌ಗೂ ಬರೀತಾಳೆ. ಲಕೋಟೆ ಮೇಲೆ ಬಸ್ಸಿನ ಚಿತ್ರ. ಪ್ರತಿ ಸಲಾನೂ ಅದೇ ಬಸ್ಸು, ಅದೇ ನಂಬರು, ಹದಿನಾಲ್ಕು. ಏನರ್ಥವೋ ನಂಗೊತ್ತಿಲ್ಲ. ಯಾರೋ ಒಬ್ಬರಿಗೆ ಗೊತ್ತಿರುತ್ತಲ್ವಾ?"

ಆರ್ಡಿಸಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಪರ್ಲೀನ್ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಬಿಗಿಯಾಗಿ ಹಿಡಿದಳು. ಟೋಪಿಯ ಆಟ ಗೊತ್ತಿದ್ದವಳು ಪರ್ಲೀನ್ ಒಬ್ಬಳೇ.

ಚರ್ಚೆ ನಡೆಯಿತು. ಥ್ಯಾಡ್ ಬದಲಾವಣೆಯ ಪರ, ಪರ್ಲೀನಂತೂ ಪರವೇ. ಮಿಸೆಸ್ ಹೋಲ್ಟ್ ತಲೆಯಾಡಿಸಿದಳು, "ಪೋಷಕರು ಒಪ್ಪಿದಾರೆ ಅಂತ ನಾವು ಹೇಗೆ ನಂಬೋದು? ಹೆಚ್ಚುಕಮ್ಮಿಯಾದ್ರೆ ಕೋರ್ಟಿಗೆ ಅಲೆಯೋರು ಯಾರು?" ಓಡಿಹೋದ ಆ ಮಗು ಎಮೆಟ್‌ನ ಶಾಲೆಯದೇ, ಅವನು ಮರೆತಿರಲಿಲ್ಲ. "ಆರ್ಡಿಸ್ ಮಾಡಿಸಿದ ನಿಯಮ ಇದು. ಒಳ್ಳೇ ನಿಯಮ," ಎಂದ. ಎರಡು ಆ ಕಡೆ, ಎರಡು ಈ ಕಡೆ. ಉಳಿದದ್ದು ಆರ್ಡಿಸಳ ಕೈ. ಅದು ಎದ್ದರೆ ನಾಲ್ಕು ಲಕೋಟೆಗಳು ಸೋಮವಾರವೇ ಚಿಕ್ಕಮ್ಮನ ಒಪ್ಪಿಗೆ ಕೇಳಿ ಹೊರಡಬಹುದು.

ಮತಕ್ಕೆ ಹಾಕುವ ಮುನ್ನ ಅಧ್ಯಕ್ಷ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ಆರು ವರ್ಷದಲ್ಲಿ ಥ್ಯಾಡ್ ಅದನ್ನು ನೂರು ಸಲವಾದರೂ ಕೇಳಿದ್ದ, ಬಾಯಿಪಾಠದ ಹಾಗೆ, ಬಿಸ್ಕತ್ತಿನ ತಟ್ಟೆಗೆ ಕೈ ಚಾಚುತ್ತ. ಯಾರೂ ಉತ್ತರಿಸಿದ್ದಿಲ್ಲ.

"ಈ ವಿಷಯದಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದೆಯಾ?"

ಪರ್ಲೀನಳ ಉಗುರು ಮೊಣಕಾಲಿಗೆ ಚುಚ್ಚಿತು. "ಸುಮ್ನಿರೇ," ಎಂದಳು ಉಸಿರಿನಲ್ಲೇ. "ದೇವರಾಣೆ, ಇದೊಂದ್ ಸಲ ಸುಮ್ನಿರು."

ಸುಮ್ಮನಿರಬೇಕೆಂದು ಆರ್ಡಿಸಳಿಗೂ ಆಸೆಯಾಯಿತು. ಸಾಮಾನ್ಯ ಆಸೆಯಲ್ಲ, ಬಾಯಾರಿದವರಿಗೆ ನೀರು ಕಂಡಾಗ ಆಗುವಂಥದ್ದು. ಆ ಕಿಂಡಿ ಹಲ್ಲು ಈಗ ಸೇರಿಕೊಂಡಿದೆಯೋ ಇಲ್ಲವೋ, ಐಸ್‌ಕ್ರೀಮಿನ ಹಟ ಬಿಟ್ಟಿದ್ದಾಳೋ, ಮರೆತಿಲ್ಲ ಎಂದು ಬರೆದಿದ್ದಾಳೋ, ಯಾಕೆ ಬರಲಿಲ್ಲ ಎಂದು ಬೈದು ಬರೆದಿದ್ದಾಳೋ. ಬೈದಿದ್ದರೂ ಸರಿ, ಓದಬೇಕಿತ್ತು. ಆದರೆ ಉಳಿದ ಹತ್ತು ಮಕ್ಕಳ ಹಳೆಯ ಜೊತೆಗಾರರು ಈ ಮೇಜಿನ ಮುಂದೆ ಕೂತಿರಲಿಲ್ಲ. ಹಿಮದಲ್ಲಿ ಡಬ್ಬಿ ಹಿಡಿದು ಓಡಿಬಂದ ಲೆನ್ ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋದದ್ದು ಅವಳ ಕಣ್ಣಿಗೆ ಕಟ್ಟಿತು. ಅವನಿಗೆ ತೆರೆಯದ ಬಾಗಿಲನ್ನು ತನಗೆ ತಾನೇ ಹೇಗೆ ತೆರೆದುಕೊಳ್ಳುವುದು?

"ನನಗಿದೆ," ಎಂದಳು ಆರ್ಡಿಸ್. "ಆ ಬಸ್ಸು ನನ್ನದು."

ಥ್ಯಾಡ್‌ನ ಕೈ ತಟ್ಟೆಯ ಮೇಲೇ ಉಳಿಯಿತು. ರೋಸ್ಲಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಹಿತಾಸಕ್ತಿ ಇರುವವರು ಕೂತಿರಬಹುದು, ಮತಕ್ಕೆ ಕೈ ಎತ್ತುವಂತಿಲ್ಲ. ಎರಡು ಪರ, ಎರಡು ವಿರುದ್ಧ. ಸಮ ಬಂದರೆ ಪ್ರಸ್ತಾಪ ಬಿದ್ದಂತೆ. ಎಮೆಟ್ ಎತ್ತಿದ ಕೈಯನ್ನು ಇಳಿಸುವಾಗ ಆರ್ಡಿಸಳ ಮುಖ ನೋಡಲಿಲ್ಲ.

"ಕತ್ತೆ ಕಣೇ ನೀನು," ಎಂದು ಪರ್ಲೀನ್ ಎಲ್ಲರಿಗೂ ಕೇಳುವಂತೆಯೇ ಅಂದು, ಕರವಸ್ತ್ರದಲ್ಲಿ ಮೂಗೊರೆಸಿಕೊಂಡಳು. ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕೇ ಎಂದು ಯಾರೂ ಕೇಳಲಿಲ್ಲ.

ಸಭೆಯ ಕೊನೆಗೆ ಆರ್ಡಿಸಳಿಗೆ ಆರು ವರ್ಷದ ಸೇವೆಗೆಂದು ಹೆಸರು ಕೊರೆದ ಮರದ ಫಲಕ ಕೊಟ್ಟರು. ಎರಡು ಮಾತಾಡಿ ಎಂದಾಗ ಅವಳು ಒಂದೇ ಮಾತಾಡಿದಳು, "ಜಾರುತ್ತೆ, ನೋಡ್ಕೊಂಡು ಹೋಗಿ."

ಮೆಟ್ಟಿಲ ಬಳಿ ರೋಸ್ಲಿನ್ ಓಡಿಬಂದು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ನಂಗೆ ಗೊತ್ತೇ ಇರ್ಲಿಲ್ಲ ಆರ್ಡಿಸ್. ಗೊತ್ತಿದ್ರೆ ನಿಮ್ಮ ಮುಂದೆ ಹಾಗೆ..."

"ಒಂದು ಕೇಳ್ಲಾ?" ಎಂದಳು ಆರ್ಡಿಸ್. "ಚಿತ್ರದಲ್ಲಿ... ಬಸ್ಸಿನ ಕಿಟಕೀಲಿ ಎಷ್ಟು ಜನ ಕೂತಿದಾರೆ?"

ರೋಸ್ಲಿನ್ ಬಾಯಿ ತೆರೆದಳು. ಅಷ್ಟರಲ್ಲಿ ಆರ್ಡಿಸಳೇ ಕೈ ಅಡ್ಡ ಹಿಡಿದಳು.

"ಬೇಡ. ಹೇಳ್ಬೇಡಿ. ಅವಳಿಗೆ ಬರೋ ವರ್ಷ ಜೂನಿಗೆ ಹದಿನೆಂಟು. ಅವಳೇ ಹೇಳ್ಲಿ."

ಹೊರಗೆ ಗ್ರಂಥಾಲಯದ ಎದುರಿನ ನಿಲ್ದಾಣದಲ್ಲಿ ಒಬ್ಬಳೇ ನಿಂತು, ಫಲಕವನ್ನು ಕೋಟಿನೊಳಗೆ ಅವುಚಿಕೊಂಡಾಗ, ಇಷ್ಟು ಹೊತ್ತು ತಡೆದಿದ್ದ ಅಳು ಬಂತು. ನಾಲ್ಕು ವರ್ಷದಿಂದ ಕಪಾಟಿನೊಳಗೆ ಇದ್ದದ್ದು ತನ್ನದೇ ಪತ್ರ, ಬೀಗ ಹಾಕಿದ್ದೂ ತಾನೇ. ಇನ್ನು ಹದಿನೈದು ತಿಂಗಳು. ಎಪ್ಪತ್ತಮೂರು ದಾಟಿದ ದೇಹ ಅಷ್ಟು ದಿನ ಮಾತು ಕೇಳುತ್ತದೆಯೇ ಎಂಬ ಭಯವೂ ಆಯಿತು. ಅರಿಝೋನಾಕ್ಕೆ ಹೋಗುವ ಮಾತು ಆಗಲೇ ಬಿದ್ದುಹೋಗಿತ್ತು. ಹೊಸ ವಿಳಾಸವನ್ನು ಕಚೇರಿಗೆ ಬರೆದುಕೊಟ್ಟು ಹೋಗಬಹುದು, ನಿಜ. ಆದರೆ ಆ ಹುಡುಗಿ ಕಚೇರಿಗೆ ಹೋಗುವವಳಲ್ಲ. ನೆಟ್ಟಗೆ ನೀಲಿ ಬಾಗಿಲಿಗೇ ಬಂದು ತಟ್ಟುತ್ತಾಳೆ. ಆಗ ಬೇರೆ ಯಾರೋ ಬಂದು ಬಾಗಿಲು ತೆಗೆಯಬಾರದು. ಇವತ್ತೇ ಬರ್ನಿಟಾಗೆ ಹೇಳಿಬಿಡಬೇಕು, ಅವಳು ಎಷ್ಟಾದರೂ ಬೈದುಕೊಳ್ಳಲಿ.

ಹಿಮದೊಳಗಿಂದ ಬಸ್ಸೊಂದು ನಿಧಾನವಾಗಿ ಬಂದು ಅವಳ ಮುಂದೆಯೇ ನಿಂತು ಬಾಗಿಲು ತೆರೆಯಿತು. ಒಳಗಿನ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಸ್ಟಿಯರಿಂಗ್ ಹಿಂದೆ ಓಟಿಸ್, ಅವಳ ಕೈಕೆಳಗೇ ಕೆಲಸ ಕಲಿತವನು.

"ಏನ್ ಗುರುಗಳೇ, ಈ ಹಿಮದಲ್ಲಿ? ಹತ್ತಿ ಹತ್ತಿ, ಮನೆ ಹತ್ರಾನೇ ಇಳಿಸ್ತೀನಿ."

ಆರ್ಡಿಸ್ ತಲೆಯೆತ್ತಿ ಬಸ್ಸಿನ ನೆತ್ತಿಯ ಮೇಲಿನ ನಂಬರು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ನೀನು ಹೋಗಪ್ಪ ಓಟಿಸ್, ತಡ ಆಗುತ್ತೆ," ಎಂದಳು. "ಈ ಬಸ್ಸಿಗೆ ನನ್ನ ಜೊತೆ ಇನ್ನೊಬ್ರು ಬರೋರಿದಾರೆ."