ದ್ರಾಕ್ಷಿಗೆ ಕೊಡೆ, ಅಬ್ಬಿಗೆ ವಾಲ್ವ್

ಎಪ್ಪತ್ತು ದಾಟಿದ ಮೇಲೆ ನಮ್ಮವರಿಗೆ ವೈನ್ ಮಾಡುವ ಆಸೆ ಹುಟ್ಟಿತು. ನಾಸಿಕದ ಕಡೆ ಟೂರ್ ಹೋಗಿ, ಮೂರು ಗ್ಲಾಸ್ ಟೇಸ್ಟಿಂಗ್ ಮುಗಿಸಿ ಬಂದವರು ಕೊಪ್ಪದ ಹತ್ತಿರದ ನಾರ್ವೆ ಎಂಬ ನಮ್ಮೂರಿನ ಗದ್ದೆಯ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ, "ಕ್ಯಾರೆಕ್ಟರ್ ಇದೆ" ಎಂದರು. ಐವತ್ತು ವರ್ಷದ ಸಂಸಾರದಲ್ಲಿ ಆ ಸರ್ಟಿಫಿಕೇಟ್ ನನಗೆ ಸಿಕ್ಕಿಲ್ಲ. ಆದರೂ ಸಂಜೆ ಜಗಲಿಯಲ್ಲಿ ಕೂತು ನಮ್ಮದೇ ಎಸ್ಟೇಟ್ ವೈನ್ ಕುಡಿಯುವ ಚಿತ್ರ ನನಗೂ ಹಿತವಾಗಿತ್ತು. ಶೃಂಗೇರಿಯ ನಂಟರಿಗೆ ಜ್ಯೂಸ್ ಎಂದರಾಯಿತು ಎಂದುಕೊಂಡೆವು.

ಗದ್ದೆಯಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟ ಮೊದಲ ಮಳೆಗಾಲಕ್ಕೇ ಎಲೆಗೆ ಬೂಷ್ಟು ಹಿಡಿಯಿತು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಹೊಡೆಸಿದರು. "ಇದು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿಗೆ ಮಾರಾಯ್ತಿ." ಇರಬಹುದು, ಫ್ರಾನ್ಸಿನಲ್ಲಿ ಕೊಪ್ಪದ ಮಳೆ ಇಲ್ಲವಲ್ಲ. ಕೊನೆಗೆ ಬಳ್ಳಿಗಳ ಮೇಲೆ ಪ್ಲಾಸ್ಟಿಕ್ ಚಪ್ಪರ ಎದ್ದಿತು. ಬೂಷ್ಟು ನಿಂತಿತು, ಬುಡ ಒಣಗಿತು. ಹೊರಗೆ ಜುಲೈ ಮಳೆ ಜಡಿಯುತ್ತಿರುವಾಗ ಒಳಗೆ ಡ್ರಿಪ್ ಇರಿಗೇಶನ್.

ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿಯುವ ಅಬ್ಬಿ ನೀರಿಗೆ ನಮ್ಮಲ್ಲಿ ಯಾರೂ ನಲ್ಲಿ ಹಾಕುವುದಿಲ್ಲ. ಅದು ಹಗಲು ರಾತ್ರಿ ಬಚ್ಚಲ ಹಿಂದಿನ ಕಲ್ಲುಮರಿಗೆಗೆ ಬೀಳುತ್ತದೆ. ತುಂಬಿ ಚೆಲ್ಲಿದ್ದು ಕೆಳಮನೆಯ ತೊಟ್ಟಿಗೆ ಹೋಗುತ್ತದೆ. "ಸುಮ್ಮನೆ ಹರಿದುಹೋಗುತ್ತೆ, ವಾಟ್ ಎ ವೇಸ್ಟ್, ಒಂದು ವಾಲ್ವ್ ಹಾಕಿಸಿ" ಎಂದವಳು ನಾನೇ. ತೆರೆದ ನಲ್ಲಿ ಕಂಡರೆ ಕಾನ್ವೆಂಟಿನ ಸಿಸ್ಟರ್‌ಗಳು ಕಿವಿ ಹಿಂಡುತ್ತಿದ್ದರು, ಆ ಅಭ್ಯಾಸ. ನಮಗೆ ಬೇಕಾದಾಗ ವಾಲ್ವ್ ತೆರೆಯುವುದು, ಉಳಿದ ಹೊತ್ತು ನೀರು ಪಕ್ಕದ ಪೈಪಿನಿಂದ ದ್ರಾಕ್ಷಿಯ ಟ್ಯಾಂಕಿಗೆ. ಕೆಳಮನೆ ನನಗೆ ಗೊತ್ತಿಲ್ಲದ್ದೇನಲ್ಲ, ನೆನಪಾಗಲಿಲ್ಲ, ಅಷ್ಟೆ. ಮಳೆಗಾಲದಲ್ಲಿ ಯಾರಿಗೂ ತಿಳಿಯಲೂ ಇಲ್ಲ.

ಮಾರ್ಚಿನಲ್ಲಿ ಕೆಳಮನೆಯವಳು ಖಾಲಿ ಕೊಡ ಹಿಡಿದು ಬಂದಳು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಕೆಲಸ ಮಾಡುವವಳು.

"ಅಮ್ಮ, ಹತ್ತು ದಿನ ಆತು, ತೊಟ್ಟಿಗೆ ಒಂದು ಹನಿ ಬಂದಿಲ್ಲ. ಹಳ್ಳದಿಂದ ಹೊರ್ತಾ ಇದೀನಿ. ಸೊಸೆ ಬಾಣಂತಿ."

"ಬಳ್ಳಿ ಹೂ ಬಿಡೋ ಟೈಮು, ಕ್ರಿಟಿಕಲ್ ಸ್ಟೇಜ್," ಎಂದರು ನಮ್ಮವರು. "ಎರಡು ವಾರ ತಡ್ಕೋ."

"ಮಳೆ ಬಂದ್ರೆ ಕೊಡೆ ಹಿಡೀತೀರಿ, ಬಿಸ್ಲು ಬಂದ್ರೆ ನಮ್ಮ ನೀರು ಕುಡಿಸ್ತೀರಿ. ಇಷ್ಟು ಉಪಚಾರ ಈ ಮನೇಲಿ ಯಾವ ಬಾಣಂತಿಗೂ ಆಗಿದ್ದು ನಾ ಕಾಣೆ ಅಯ್ಯ."

ಅದು ನನಗೂ ತಾಗಿತು. ಈ ಮನೆಯಲ್ಲಿ ಎರಡು ಬಾಣಂತನ ನನ್ನದೇ.

"ಟ್ಯಾಂಕರ್ ತರಿಸಿ ಕೊಡ್ತೀನಿ," ಎಂದರು ಇವರು.

"ಅದನ್ನೇ ಬಳ್ಳಿಗೆ ಹಾಕಿ."

"ಅದರಲ್ಲಿ ಕ್ಲೋರಿನ್ ಇರುತ್ತೆ. ಬಳ್ಳಿಗೆ ಆಗಲ್ಲ."

ಅವಳು ಇವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನೆದ್ದು ಬಚ್ಚಲ ಹಿಂದೆ ಹೋಗಿ ವಾಲ್ವ್ ತಿರುಗಿಸಿದೆ. ಮರಿಗೆಗೆ ನೀರು ಬಿತ್ತು. ಥ್ಯಾಂಕ್ಸ್ ಕೇಳುವ ದುರಾಸೆಯಿಂದ ಅಲ್ಲೇ ನಿಂತೆ.

"ತೆರೆದ್ರೆ ಸಾಲ್ದು ಅಮ್ಮ," ಎಂದಳು. "ನಾಳೆ ಮತ್ತೆ ಮುಚ್ತೀರಿ. ಬಿಚ್ಚಿ ಕೊಡಿ."

ಇವರ ಪೈಪ್ ರೆಂಚ್ ತಂದೆ. ನನ್ನ ಕೈಲಿ ಆಗಲಿಲ್ಲ. ಅವಳೇ ಎರಡು ಸುತ್ತು ತಿರುಗಿಸಿ ಬಿಚ್ಚಿ, ಆ ಹಿತ್ತಾಳೆಯ ವಾಲ್ವನ್ನು ಖಾಲಿ ಕೊಡದೊಳಗೆ ಹಾಕಿಕೊಂಡು ಮನೆಗೆ ಇಳಿದು ಹೋದಳು.